ಮುಳ್ಳಿಗೆ ಲಂಚ ನಡೆಯುವುದಿಲ್ಲ

ಮಾಜಿ ಗೆಳೆಯನಿಗೆ,

ಇದನ್ನು ನಿನಗೆ ಕಳಿಸುವುದಿಲ್ಲ. ಹಾಡಿನ ತಾಳಕ್ಕೆ ಮುಳ್ಳುಗಳ ಮೇಲೆ ನೆಗೆಯುವ ನಮ್ಮ ಆಟದಲ್ಲಿ ನೀನು ಕಟ್ಟಿದ ಲೆವೆಲ್ಲನ್ನು ಇವತ್ತು ಗೇಮ್ ಅಂಗಡಿಯಲ್ಲಿ ಎಲ್ಲರೆದುರು ಮುಗಿಸಿದೆ, ಪೂರ್ತಿ ವೇಗದಲ್ಲಿ. ನೀನೋ, ಆಟವನ್ನು ಗುಟ್ಟಾಗಿ ನಿಧಾನ ಮಾಡಿಕೊಂಡು, ಆ ಲೆವೆಲ್ಲನ್ನು ಮೊದಲು ಗೆದ್ದವನೆಂದು ಮೆರೆದೆ.

ನಾನು ಈ ಆಟಕ್ಕೆ ಮರುಳಾದದ್ದೇ ಅದರ ನ್ಯಾಯಕ್ಕೆ. ತಾಳ ತಪ್ಪಿದರೆ ಮುಳ್ಳು ಚುಚ್ಚುತ್ತದೆ, ಯಾರ ಮಗನೆಂದು ಕೇಳುವುದಿಲ್ಲ. ಸತ್ತವರೆಲ್ಲ ಮೊದಲಿನಿಂದಲೇ ಶುರು ಮಾಡಬೇಕು. ಚುನಾವಣೆಯ ಕರಪತ್ರಗಳು ಹೇಳುವ ಸಮಾನತೆಯನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ ಮಾತ್ರ. ಅಲ್ಲೂ ನೀನು ಹಿಂಬಾಗಿಲು ಹುಡುಕಿದೆ.

ಅಂಗಡಿಯ ಅಕ್ಕ ಕುಣಿದಾಡಿಬಿಟ್ಟಳು. "ಅವನಿಗೆ ವಿಡಿಯೋ ಕಳಿಸ್ಲೇನೋ? ಹೊಟ್ಟೆ ಉರ್ಕೊಳ್ಲಿ!"

"ಬೇಡ ಅಕ್ಕ. ಅಷ್ಟು ಸುಲಭಕ್ಕೆ ಬಿಡಲ್ಲ ಅವನನ್ನ."

ನಾನೀಗ ಒಂದು ಲೆವೆಲ್ ಕಟ್ಟುತ್ತಿದ್ದೇನೆ. ಆಟ ನಿಧಾನ ಮಾಡಿದವನಿಗೆ ಅದರ ಬಾಗಿಲೇ ತೆರೆಯದು. ನಡುವೆ ಒಂದು ಕಡೆ ಹಾಡು ನಿಂತುಹೋಗುತ್ತದೆ. ಮನಸ್ಸಿನಲ್ಲೇ ತಾಳ ಹಿಡಿದು ನೆಗೆಯಬೇಕು.

"ಯಾರೋ ದಾಟ್ತಾರೆ ಇದನ್ನ? ನಿನ್ನ ತಲೆ!" ಎಂದಳು ಅಕ್ಕ.

ನನ್ನಿಂದಲೂ ಆಗುತ್ತಿಲ್ಲ. ಹಾಗೆ ದಾಟಬಲ್ಲ ಕೈ ನಾನು ಕಂಡದ್ದು ಒಂದೇ, ಕಳ್ಳದಾರಿ ಹಿಡಿಯುವ ಮುಂಚಿನ ನಿನ್ನ ಕೈ.

ಬಾ, ನನ್ನ ಲೆವೆಲ್ಲಿಗೆ ಬಂದು ಸಾಯಿ. ದಾಟುವವರೆಗೂ ಸಾಯುತ್ತಲೇ ಇರು.