ಊರು ಯಾವುದಮ್ಮ?

ಫರ್ಹಾನ್ ಭಾಯ್, ಅಮ್ಮಿ ಪೊಲೀಸ್‌ನವರ ಮುಂದೆ ಮತ್ತೆ ಶ್ರೀಲಂಕಾದವಳಾಗ್ಬುಟ್ಲು ಕಣೋ.

ಮಧ್ಯಾಹ್ನ ಎಕ್ಸಾಮ್ ಐತೆ, ಒಳಗೆ ಫೋನ್ ಬಿಡಲ್ಲ. ಅದಕ್ಕೇ ಇದನ್ನ ಫೋನಲ್ಲೇ ಟೈಪ್ ಮಾಡಿ ಟಿವಿ ಮೇಲೆ ಇಟ್ಟಿದೀನಿ. ಅಮ್ಮಿಗೆ ಕನ್ನಡ ಓದೋಕೆ ಬರಲ್ಲ, ಭಯ ಇಲ್ಲ.

ಬೆಳಗ್ಗೆ ಪಾಸ್‌ಪೋರ್ಟ್ ವಿಚಾರಣೆಗೆ ಬಂದಿದ್ರು. ಪಾಪ, ಒಳ್ಳೇ ಮನುಷ್ಯ. 'ಊರು ಯಾವುದಮ್ಮ?' ಅಂತ ಕೇಳಿದ್ರು ಅಷ್ಟೇ. ಇಷ್ಟು ವರ್ಷ ವೀಸಾಕ್ಕೆ ಅಂತ ಸ್ಟೇಷನ್ನಲ್ಲಿ ಹೇಳಿ ಹೇಳಿ ರೂಢಿ ನೋಡು, ಟಕ್ ಅಂತ 'ಕ್ಯಾಂಡಿ' ಅಂದ್ಬುಟ್ಲು. ನಮ್ಮೂರು ಆನೇಮಹಲ್ ಅನ್ನೋದು ಬಾಯಿಗೇ ಬರ್ಲಿಲ್ಲ. ನಾನು ಬೇರೆ ನಕ್ಬುಟ್ಟೆ. ನಾಳೆ ಇಂಡಿಯಾದ ಪೌರತ್ವ ಸಿಕ್ಕಿರೋ ಸರ್ಟಿಫಿಕೇಟ್ ತಗೊಂಡು ಸ್ಟೇಷನ್‌ಗೆ ಬನ್ನಿ ಅಂದು ಹೋದ್ರು.

ಹಳೇ ಶ್ರೀಲಂಕಾ ಪಾಸ್‌ಪೋರ್ಟ್ ವಾಪಸ್ ಕೊಟ್ಟಾಯ್ತು, ಇಂಡಿಯಾದ್ದು ಇನ್ನೂ ಬಂದಿಲ್ಲ. ಅಲ್ಲಿ ಕ್ಯಾಂಡೀಲಿ ಅಜ್ಜ ಹಾಸಿಗೆ ಹಿಡಿದು, 'ಹಾಜಿರಾ ಬಂದ್ಲಾ' ಅಂತ ಕೇಳ್ತಾನೇ ಅವ್ರಂತೆ. ಪೊಲೀಸ್‌ನವರು ಹೋದ್ಮೇಲೆ ಮಾಮು ಅಲ್ಲಿಂದ ಫೋನ್ ಮಾಡಿ ಮತ್ತೆ ಅದನ್ನೇ ಹೇಳಿದ್ರು. ಆವಾಗಿಂದ ಅಮ್ಮಿ, 'ಅಬ್ಬನ ಹತ್ರ ಹೋಗೋ ದಾರೀನ ನಾನೇ ಮುಚ್ಕೊಂಡೆ' ಅಂತ ಅಳ್ತಾ ಕೂತವ್ಳೆ.

ನೀನು ಬಂದವನೇ 'ಏನ್ ಲಂಕಾ ರಾಣಿ' ಅಂತ ರೇಗಿಸ್ಬೇಡ ಮಾರಾಯ. ಇವತ್ತೊಂದಿನ ಬೇಡ. ಕುಕ್ಕರ್‌ನಲ್ಲಿ ಅನ್ನ ಐತೆ, ಅವಳನ್ನೂ ಕೂರಿಸ್ಕೊಂಡು ಉಣ್ಣು. ಅಜ್ಜಂಗೆ ಅಂತ ಕಟ್ಟಿರೋ ಕಾಫಿಪುಡಿನ ಬ್ಯಾಗಿಂದ ತೆಗೀತೀನಿ ಅಂತಾಳೆ, ತೆಗೆಯೋಕೆ ಬಿಡ್ಬೇಡ.

ಎಕ್ಸಾಮ್ ಮುಗಿಸಿ ರಾತ್ರಿ ಫ್ರೆಂಡ್ ಜಬೀನ್ ಮನೇಲಿ ಮುಂದಿನ ಪೇಪರ್‌ಗೆ ಓದ್ಕೊಂಡು ಅಲ್ಲೇ ಇರ್ತೀನಿ. ನಾಳೆ ಹತ್ತು ಗಂಟೆಗೆ ಅಮ್ಮೀನ ಕರ್ಕೊಂಡು ಬಾ, ಸ್ಟೇಷನ್ ಗೇಟ್ ಹತ್ರ ನಿಂತಿರ್ತೀನಿ. ಬರ್ತಾ ದಾರಿಯುದ್ದಕ್ಕೂ ಅವಳನ್ನ ಕೇಳ್ತಾ ಬಾ, ಊರು ಯಾವುದಮ್ಮ ಅಂತ.