ಕೋಲಿಲ್ಲದೆ ನಿಂತೆ

ತೇರದಾಳ
೨೧ ಜನವರಿ ೧೯೭೯

ನನ್ನ ಹೀರಾ,

ಅವ್ವ ಇದ್ದಾಳೋ ಇಲ್ಲವೋ ಎಂದು ನೀನು ಕಾರ್ಡಿನಲ್ಲಿ ಕೇಳಿದ್ದನ್ನು ಓದಿ ನಿನ್ನಪ್ಪ ನಕ್ಕರು, ನನಗೆ ಮಾತ್ರ ಚುರುಕ್ಕೆಂದಿತು. ಎಷ್ಟು ದಿನವಾಯಿತು ನಿನಗೆ ಉತ್ತರ ಬರೆಯದೆ! ಸಿಟ್ಟಾಗಬೇಡ. ಹಾಸಿಗೆಯಲ್ಲಿ ಬಿದ್ದುಕೊಂಡು ಗೋಳು ತೋಡಿಕೊಳ್ಳುವ ಪತ್ರ ಬರೆಯುವುದು ನನಗೆ ಬೇಡವಾಗಿತ್ತು. ನನ್ನ ಕಾಲ ಮೇಲೆ ನಾನು ನಿಂತ ಮೇಲೆಯೇ ಬರೆಯಬೇಕು ಎಂದು ಹಟ ಹಿಡಿದಿದ್ದೆ. ಈಗ ನಿಂತಿದ್ದೇನೆ, ಬರೆಯುತ್ತಿದ್ದೇನೆ. ನೀನು, ಅಳಿಯಂದಿರು, ಮಕ್ಕಳು ಚೆನ್ನಾಗಿದ್ದೀರಲ್ಲ?

ಮಳೆಗೆ ಮುಂಚೆ ಮಾಳಿಗೆಯ ಬೆಳಕಿಂಡಿ ಮುಚ್ಚಲು ಹೋಗಿ ಏಣಿಯಿಂದ ಬಿದ್ದದ್ದು, ಮೊಣಕಾಲ ಕೆಳಗಿನ ಎಲುಬು ಎರಡು ತುಂಡಾಗಿ ಪಾದದ ಕೀಲು ಒಡೆದದ್ದು ನಿನಗೆ ಗೊತ್ತು. ನೀನು ಮಿರಜಿನ ದವಾಖಾನೆಗೆ ಬಂದು ನೋಡಿ ಹೋದ ಮೇಲಿನದನ್ನು ಹೇಳುತ್ತೇನೆ. ತೊಡೆಯವರೆಗಿನ ಪ್ಲಾಸ್ಟರು ಬಿಚ್ಚಿದಾಗ ಒಳಗಿಂದ ಬಂದ ಕಾಲು ನನ್ನದೆಂದು ನಂಬಲಿಕ್ಕಾಗಲಿಲ್ಲ. ಸುಲಿದ ಕಬ್ಬಿನ ಹಾಗೆ ಬಿಳಿಚಿಕೊಂಡು ಸಣ್ಣಗಾಗಿತ್ತು. ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಡಾಕ್ಟರು ಒಳ್ಳೆಯವರೇ, ಆದರೆ ಮಾತು ಕಡ್ಡಿ ಮುರಿದ ಹಾಗೆ. ಇನ್ನು ಜೀವವಿರುವ ತನಕ ಕೋಲು ಬಿಡಬೇಡಿ ಎಂದುಬಿಟ್ಟರು. ನಾನು ಹೂಂ ಎಂದೆ. ಮನಸ್ಸಿನಲ್ಲಿ ಉಹೂಂ ಎಂದೆ.

ಮನೆಗೆ ಬಂದವಳೇ ಆ ಕಾಲಿನ ಜೊತೆ ಜಗಳಕ್ಕೆ ನಿಂತೆ. ಮುರಿದ ಒನಕೆಯ ತುಂಡನ್ನು ಪಾದದ ಕೆಳಗಿಟ್ಟು ಉರುಳಿಸಿದೆ. ನೆಲಕ್ಕೆ ಬಿದ್ದ ಅರಿವೆಯನ್ನು ಕಾಲ್ಬೆರಳಿನಿಂದ ಎತ್ತಲು ಕಲಿತೆ. ಸಂಜೆಯಾದರೆ ಕಾಲು ಊದಿಕೊಳ್ಳುತ್ತಿತ್ತು, ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೊಣಕಾಲು ಮಡಚಿ ಒಲೆಯ ಮುಂದೆ ಕೂರಲಾಗದೆ ರೊಟ್ಟಿಯ ಕೆಲಸ ನಿನ್ನಪ್ಪನ ಪಾಲಿಗೆ ಹೋಯಿತು. ಅವರು ಬಡಿದ ರೊಟ್ಟಿ ದುಂಡಗಿದ್ದದ್ದನ್ನು ನಾನಂತೂ ನೋಡಲಿಲ್ಲ. ಆದರೂ ಒಂದು ದಿನವೂ ಗೊಣಗಲಿಲ್ಲ ಪುಣ್ಯಾತ್ಮ.

ಈ ಹಟ ಯಾಕೆ ಎನ್ನುತ್ತೀಯಾ? ನಿನ್ನ ತಮ್ಮ ಊರಿಗೆ ಬರುವವನಿದ್ದ. ತಮ್ಮ ಎನ್ನಬಾರದು, ನಾನೂ ಶಾಂತಿನಾಥ ಎನ್ನಬಾರದು, ಎಲ್ಲರ ಹಾಗೆ ಮಹಾರಾಜರು ಎನ್ನಬೇಕು, ಬಾಯಿ ಇನ್ನೂ ಕಲಿತಿಲ್ಲ. ದೀಕ್ಷೆ ತೆಗೆದುಕೊಂಡು ಮುನಿಗಳಾದ ಮೇಲೆ ಮೊದಲ ಸಲ ಮಹಾರಾಜರು ಹುಟ್ಟಿದೂರಿಗೆ ಬರುತ್ತಾರೆ ಎಂಬ ಸುದ್ದಿಯನ್ನು ದೀಪಾವಳಿಯಲ್ಲಿ ದರ್ಶನಕ್ಕೆ ಹೋಗಿದ್ದ ನಿನ್ನಪ್ಪ ತಂದರು. ನಾನು ಬಿದ್ದದ್ದು, ಕೋಲು ಹಿಡಿದು ಓಡಾಡುವುದು ಎಲ್ಲವನ್ನೂ ಅಲ್ಲಿ ಹೇಳಿ ಬಂದಿದ್ದರು. ಮಹಾರಾಜರು ಎಲ್ಲ ಕೇಳಿಕೊಂಡು ಕೈಯೆತ್ತಿ ಆಶೀರ್ವಾದ ಮಾಡಿದರಂತೆ. ಕೋಲಿನ ಮಾತು ಯಾಕೆ ಆಡಿದಿರಿ ಎಂದು ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ನಿಮ್ಮ ಕಡೆ ಮುನಿಗಳು ಬರುವುದು ಕಡಿಮೆ, ಮಕ್ಕಳಿಗೆ ಇದನ್ನು ಓದಿ ಹೇಳು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಅಂಗೈಯಲ್ಲಿ ಉಣ್ಣುತ್ತಾರೆ. ನಾವು ಮಡಿಯುಟ್ಟು ಬಾಗಿಲಲ್ಲಿ ನಿಂತು ಕರೆಯಬೇಕು. ಆದರೆ ಹೊರಡುವ ಮೊದಲು ಅವರು ಮನಸ್ಸಿನಲ್ಲಿ ಒಂದು ನೇಮ ಹಿಡಿದಿರುತ್ತಾರೆ. ಇಂಥದ್ದು ಕಂಡ ಬಾಗಿಲಲ್ಲೇ ಉಣ್ಣುತ್ತೇನೆ, ಕಾಣದಿದ್ದರೆ ಉಪವಾಸ ಎಂದು. ಆ ನೇಮ ಏನೆಂಬುದನ್ನು ಯಾರಿಗೂ ಹೇಳುವುದಿಲ್ಲ. ಅದಕ್ಕೇ ಒಬ್ಬರು ತೆಂಗಿನಕಾಯಿ ಹಿಡಿಯುತ್ತಾರೆ, ಒಬ್ಬರು ಬಾಳೆಹಣ್ಣು, ಒಬ್ಬರು ಗಂಡಹೆಂಡತಿ ಜೋಡಿಯಾಗಿ ನಿಲ್ಲುತ್ತಾರೆ.

ಎದುರು ಮನೆಯ ರತ್ನಾಬಾಯಿ ನಿನಗೆ ಗೊತ್ತಲ್ಲ, ಕೆಟ್ಟವಳಲ್ಲ, ನಾಲಗೆ ಮಾತ್ರ ಅವಳ ಮಾತು ಕೇಳುವುದಿಲ್ಲ. ಮಹಾರಾಜರು ಬರುವ ಹಿಂದಿನ ದಿನ ಬಂದು ನನ್ನ ಕಾಲು ನೋಡಿ, "ಪದ್ಮವ್ವ, ಕೋಲ ಹಿಡದ ಕೈಲೆ ಮಹಾರಾಜರಿಗೆ ಹೆಂಗ ಅನ್ನ ನೀಡತಿ? ನೀ ಒಳಗ ಕುಂತ ಕೈ ಮುಗದ್ರ ಸಾಕವ್ವ" ಎಂದಳು. ಮೈಯೆಲ್ಲ ಉರಿಯಿತು. ಹೆತ್ತವಳು ನಾನು, ಒಳಗೆ ಕೂರಬೇಕೇ?

ನಿನ್ನೆ ಬೆಳಿಗ್ಗೆ ಹೊಸಿಲು ತೊಳೆದು, ರಂಗೋಲಿ ಹಾಕಿ, ಕಾಯಿ ಇಟ್ಟ ಕಳಶವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೆ. ನಿನ್ನಪ್ಪ ಪಕ್ಕದಲ್ಲಿ ನಿಂತು ಮೆಲ್ಲಗೆ ಕೋಲನ್ನು ನನ್ನ ಕಡೆ ಸರಿಸಿದರು.

"ಒಂದ ಕೈಯಾಗ ಕಳಸ ಹಿಡಿ, ಒಂದ ಕೈಯಾಗ ಇದನ್ನ ಹಿಡಿ. ಏನ ತಪ್ಪೈತಿ?"

"ತಪ್ಪಿಲ್ಲರಿ. ನನಗ ಬ್ಯಾಡ" ಎಂದೆ. ಕೋಲನ್ನು ಬಾಗಿಲ ಹಿಂದೆ ತಳ್ಳಿದೆ.

ಓಣಿಯ ತುದಿಯಲ್ಲಿ ಮಹಾರಾಜರು ಕಾಣಿಸಿದರು. ಎಷ್ಟು ಇಳಿದುಹೋಗಿದ್ದಾರೆ ಹೀರಾ! ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲ, ಬಲಗೈ ಭುಜದ ಮೇಲೆ, ದೃಷ್ಟಿ ನೆಲದ ಮೇಲೆ. ಎರಡೂ ಕಡೆಯ ಬಾಗಿಲುಗಳಿಂದ ನಮೋಸ್ತು, ನಮೋಸ್ತು ಎಂದು ಕೂಗು. ನಮ್ಮ ಬಾಗಿಲ ಮುಂದೆ ಬಂದು ನಿಂತರು. ಅವರ ದೃಷ್ಟಿ ಮೊದಲು ನನ್ನ ಕಾಲ ಮೇಲೆ ಬಿತ್ತು, ಆಮೇಲೆ ಕೈಗಳ ಮೇಲೆ. ಉಳಿದ ಯಾವ ಬಾಗಿಲಲ್ಲೂ ಅಷ್ಟು ಹೊತ್ತು ನಿಲ್ಲಲಿಲ್ಲ. ನನ್ನ ಕಾಲು ಒಂದಿಷ್ಟೂ ನಡುಗಲಿಲ್ಲ. "ನಮೋಸ್ತು ಸ್ವಾಮಿ, ಅತ್ರ ತಿಷ್ಠ ತಿಷ್ಠ" ಎಂದು ಇಲ್ಲೇ ನಿಲ್ಲಲು ಬೇಡಿಕೊಂಡೆ, ದನಿಯೂ ನಡುಗಲಿಲ್ಲ. ಮತ್ತೊಮ್ಮೆ ಕೈಗಳ ಕಡೆ ನೋಡಿ ಮುಂದೆ ನಡೆದರು.

ರತ್ನಾಬಾಯಿಯ ಬಾಗಿಲಲ್ಲೂ ನಿಲ್ಲಲಿಲ್ಲ. ಊರೆಲ್ಲ ತಿರುಗಿ, ನೇಮ ಕೂಡಿಬರದೆ, ಬಸದಿಗೆ ಉಪವಾಸವೇ ಮರಳಿದರು. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎದೆ ಉಬ್ಬಿತು ಕೂಡ. ತಾಯಿ ಎಂದು ಮನಸ್ಸು ಸಡಿಲ ಬಿಡಲಿಲ್ಲ, ನೋಡು. ಅಂಥ ಗಟ್ಟಿ ಜೀವವನ್ನು ಹೆತ್ತವಳು ಕೋಲಿಲ್ಲದೆ ನಿಂತದ್ದನ್ನು ಅವರೂ ಕಣ್ಣಾರೆ ಕಂಡರು. ನನಗೆ ಅಷ್ಟು ಸಾಕು. ಸಂಜೆ ರತ್ನಾಬಾಯಿ ಬಂದು, "ಖರೆ ಗಟ್ಟಿ ಇದ್ದಿ ಬೇ" ಎಂದು ನನ್ನ ಕೈ ಹಿಡಿದುಕೊಂಡಳು.

ಎಳ್ಳು ಬೆಲ್ಲ ಕಟ್ಟಿಟ್ಟಿದ್ದೇನೆ, ಯಾರಾದರೂ ಬಂದರೆ ಕಳಿಸುತ್ತೇನೆ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ಹೇಳು. ಮಕ್ಕಳ ಕಾಲು ಗಟ್ಟಿಯಾಗಿರಲಿ, ನಿನ್ನ ಮನೆಯಲ್ಲಿ ಒಲೆ ಆರದಿರಲಿ.

ನಿನ್ನ ಅವ್ವ
ಪದ್ಮವ್ವ

ತಾ.ಕ. (೨೩ ಜನವರಿ): ಪತ್ರ ಪೆಟ್ಟಿಗೆಗೆ ಹಾಕುವ ಮೊದಲು ಇದನ್ನೂ ಬರೆಯಬೇಕಾಗಿದೆ. ಮಹಾರಾಜರು ಮೊನ್ನೆ ಬೆಳಿಗ್ಗೆ ಉಪವಾಸದಲ್ಲೇ ರಬಕವಿಗೆ ನಡೆದು ಹೋದರು. ಅಲ್ಲಿಯೂ ಅವತ್ತು ಉಣ್ಣಲಿಲ್ಲ. ಜೊತೆಗೆ ಹೋಗಿದ್ದ ನಿನ್ನಪ್ಪ ಈಗ ತಿರುಗಿ ಬಂದರು. ನಿನ್ನೆ ರಬಕವಿಯಲ್ಲಿ ಎಲ್ಲ ಬಾಗಿಲು ದಾಟಿ ಹೋಗಿ, ಊರುಗೋಲು ಹಿಡಿದು ನಿಂತಿದ್ದ ಒಬ್ಬ ಮುದುಕರ ಮುಂದೆ ನಿಂತರಂತೆ. ಆ ಮನೆಯಲ್ಲಿ ಉಂಡರಂತೆ. ನೇಮ ಬೇರೆ ಏನಾದರೂ ಇದ್ದೀತು ಎಂದು ನಿನ್ನಪ್ಪ ಹೇಳುತ್ತಾರೆ, ಆದರೆ ನನ್ನ ಮುಖ ನೋಡಿ ಹೇಳುತ್ತಿಲ್ಲ. ನನ್ನ ಕೈಯಲ್ಲಿ ಅವರು ಏನು ಹುಡುಕಿದರೆಂದು ನನಗೆ ಈಗ ತಿಳಿಯಿತು. ಕೋಲು ಬಾಗಿಲ ಹಿಂದೆಯೇ ಇತ್ತು ಹೀರಾ, ಕೈ ಚಾಚಿದರೆ ಸಿಗುತ್ತಿತ್ತು.