ತಾರೀಖಿಲ್ಲದ ಐದು ದಿನಗಳು

ಫೆಬ್ರುವರಿ ೩೦, ೨೧೮೭
ಗದಗ

ನಮಗಿಂತ ಮೊದಲು ಬಾಳಿದ ಹಿರಿಯರೇ,

ತಾರೀಖು ನೋಡಿ ನಗಬೇಡಿ, ಬರೆದವನಿಗೆ ಅರಳುಮರುಳಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಮಗೂ ಅವು ವಿಚಿತ್ರವೇ ಆಗಿದ್ದವು, ಆಮೇಲೆ ರೂಢಿಯಾಗಿಬಿಟ್ಟವು. ಹನ್ನೆರಡು ವರ್ಷದ ಹಿಂದೆ, ಯುದ್ಧಕಾಲದ ರೇಷನ್ನಿಗೂ ಪಾಳಿಗೂ ಸಲೀಸಾಗಲೆಂದು, ಸರ್ಕಾರ ಪ್ರತಿ ತಿಂಗಳಿಗೂ ಮೂವತ್ತೇ ದಿನ ಎಂದಿತು. ಉಳಿದ ಐದು ದಿನಗಳನ್ನು ಡಿಸೆಂಬರಿನ ಆಚೆಗೆ ತಳ್ಳಿ ‘ಹೊರದಿನ’ ಎಂದು ಕರೆದರು. ಅವು ಯಾವ ತಿಂಗಳಿಗೂ ಸೇರವು, ತಾರೀಖಿಲ್ಲ. ಆಗ ಹುಟ್ಟಿದ ಕೂಸು ಜನವರಿ ಒಂದರಂದು ಹುಟ್ಟಿತೆಂದೇ ದಾಖಲು, ಹುಟ್ಟಿಗೆ ಮಾತ್ರ ಈ ಸವಲತ್ತು.

ನಾವು ಕುಣಿದಾಡಿದೆವು. ಐದು ದಿನ ರಜೆ! ಕಾರ್ಖಾನೆ ಬಂದ್, ನೀರಿನ ಚೀಟಿಗೆ ಸಾಲು ನಿಲ್ಲುವ ಕೆಲಸವಿಲ್ಲ. ನಾನಾಗ ಇಲ್ಲಿನ ಕೋರ್ಟಿನಲ್ಲಿ ಶಿರಸ್ತೇದಾರ. ಅಭಿಪ್ರಾಯ ಕೇಳಿ ಬಂದ ಕಾಗದದ ಮೇಲೆ ‘ನೋ ಆಬ್ಜೆಕ್ಷನ್’ ಎಂದು ಠಸ್ಸೆ ಒತ್ತಿ ಕಳಿಸಿದವನು ನಾನೇ. ಮನೆಯಲ್ಲಿ ಹೆಂಡತಿ ಸುಗಲಾ ಹೋಳಿಗೆ ತಟ್ಟುತ್ತ ಕೇಳಿದಳು: “ರೀ, ತಾರೀಖ ಇಲ್ಲದ ದಿನಾ ಯಾರರೆ ಯಾರನ್ನರೆ ಹೊಡದ್ರ, ನಿಮ್ಮ ಕೋರ್ಟಿನ್ಯಾಗ ಏನಂತ ಬರ್ಕೊತೀರಿ?” “ನಿನಗ್ಯಾಕ ಅದು, ಹೋಳಿಗಿ ಹೊತ್ತಗೊಂಡಾವು ನೋಡು,” ಎಂದು ನಕ್ಕೆ. ಅವಳು ತೀರಿಹೋಗಿ ಆರು ವರ್ಷವಾಯಿತು. ಆ ನಗು ಈಗ ನನ್ನನ್ನೇ ಕಚ್ಚುತ್ತಿದೆ.

ಹಿಡಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಎಂದು ನೀವು ಸಂವಿಧಾನದಲ್ಲಿ ಬರೆದಿದ್ದಿರಿ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರು ‘ಡ್ಯೂ ಪ್ರೊಸೆಸ್’ ಎಂದು ಏನೋ ಹೇಳಿಕೊಟ್ಟಿದ್ದರು, ಕಾನೂನಿನ ಕ್ರಮ ಬಿಟ್ಟು ಯಾರನ್ನೂ ಹಿಡಿದಿಡಬಾರದೆಂದು ಅರ್ಥ; ಆ ಇಂಗ್ಲಿಷಿನ ಮುಂದಿನದು ಮರೆತಿದೆ, ‘ಆಫ್ ಲಾ’ ಇರಬೇಕು. ಆ ನಿಯಮವನ್ನು ಯಾರೂ ಅಳಿಸಿಲ್ಲ ನೋಡಿ! ಇವತ್ತಿಗೂ ಕೋರ್ಟಿನ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಟ್ಟಿದ್ದಾರೆ. ಭದ್ರತಾ ದಳದವರು ಮಾಡಿದ್ದಿಷ್ಟೇ: ಹಿಡಿಯುವವರನ್ನೆಲ್ಲ ಹೊರದಿನಗಳಲ್ಲಿ ಹಿಡಿಯತೊಡಗಿದರು.

ಸುಗಲಾಳ ತಂಗಿ ನೀಲಗಂಗಾ ಶಾಲೆಯ ಟೀಚರು. ಸತ್ತ ಸೈನಿಕರ ಹೆಸರನ್ನು ಯಾಕೆ ಓದಿ ಹೇಳುವುದಿಲ್ಲವೆಂದು ವಾರ್ಡಿನ ಸಭೆಯಲ್ಲಿ ಕೇಳಿದಳು, ಅಷ್ಟೇ. ಈ ಸಲದ ಮೂರನೆಯ ಹೊರದಿನ, ಬೆಳಗ್ಗೆ ಹತ್ತಕ್ಕೆ, ಸಂತೆಯ ನಡುವೆ ಅವಳನ್ನು ಜೀಪಿಗೆ ಹತ್ತಿಸಿದರು. ಅರವತ್ತು ದಿನ ದಾಟಿದೆ. ಜೈಲಿನ ದಾಖಲೆಯಲ್ಲಿ ಇನ್ನೂ ಒಂದು ಗಂಟೆಯೂ ಆಗಿಲ್ಲ, ಎಣಿಕೆ ಶುರುವಾಗಲು ತಾರೀಖೇ ಇಲ್ಲವಲ್ಲ!

ಅರ್ಜಿ ಹಿಡಿದು ಹೋದೆ. ನ್ಯಾಯಾಧೀಶೆ ಒಳ್ಳೆಯ ಹುಡುಗಿ. “ಅಜ್ಜಾರ, ನಿಮ್ಮ ಸಿಟ್ಟು ನನಗ ತಿಳೀತೈತ್ರಿ. ಬಂಧನದ ತಾರೀಖ ಹೇಳ್ರಿ, ಬರ್ಕೊತೀನಿ,” ಎಂದಳು. ಹಳೆಯ ಲೆಕ್ಕ ಹಾಕಿ ಡಿಸೆಂಬರ್ ೨೯ ಎಂದೆ. ದಳದ ವಕೀಲ ಶಾಲೆಯ ಹಾಜರಿ ಪುಸ್ತಕವನ್ನೇ ತಂದಿಟ್ಟ. ಹೊಸ ಲೆಕ್ಕದ ಡಿಸೆಂಬರ್ ೨೯ರಂದು ನೀಲಗಂಗಾ ಇಡೀ ದಿನ ಪಾಠ ಮಾಡಿದ್ದಳು. “ಯಜಮಾನ್ರ, ಬಾಯಿ ತುಂಬ ಸುಳ್ಳ ಹೇಳ್ತೀರಲ್ಲ,” ಎಂದು ಹಲ್ಲು ಕಿಸಿದ. ಅರ್ಜಿ ವಾಪಸು. ಇದು ನ್ಯಾಯವೇ? ನೆಲ ಕಾಯಲು ಗಡಿಯಲ್ಲಿ ಮಕ್ಕಳು ಸಾಯುತ್ತಿದ್ದಾರೆ. ಆ ನೆಲದ ಮೇಲೆ ಒಬ್ಬ ಟೀಚರಿಗೆ ನಿಲ್ಲಲು ಒಂದು ದಿನವಿಲ್ಲ!

ಹಿರಿಯರೇ, ಯುದ್ಧದ ಹೊತ್ತಿನಲ್ಲಿ ಕಾನೂನನ್ನು ಹರಿದು ಹಾಕುವವರು ಬಂದರೆ ನೀವು ಎದ್ದು ನಿಲ್ಲುತ್ತೀರಿ, ಗೊತ್ತು. ಕಾನೂನನ್ನು ಮುಟ್ಟದೆ, ರಜೆ ಕೊಟ್ಟು, ಅನುಕೂಲ ಮಾಡಿಕೊಡುತ್ತ ಬರುವವರ ಮೇಲೂ ಕಣ್ಣಿಡಿ. ಕೈಮುಗಿದು ಕೇಳುವುದು ಅದೊಂದೇ.

ನಾಳೆ ಮತ್ತೆ ಕೋರ್ಟಿಗೆ ಹೋಗುತ್ತೇನೆ. ಈ ಸಲ ತಾರೀಖಿನ ಜಾಗ ಖಾಲಿ ಬಿಟ್ಟು, ಅವಳನ್ನು ಹಿಡಿದದ್ದನ್ನು ಕಣ್ಣಾರೆ ಕಂಡ ಸಂತೆಯ ಹದಿನೇಳು ಜನರ ಸಹಿ ಹಾಕಿಸಿದ್ದೇನೆ. ಸಹಿ ಹಾಕಿದವರನ್ನು ಮುಂದಿನ ಹೊರದಿನಗಳಲ್ಲಿ ಒಯ್ಯುತ್ತಾರೆಂದು ಎಲ್ಲರಿಗೂ ಗೊತ್ತು. ನಾನು ಬೇಡವೆಂದರೂ ಹೂ ಮಾರುವ ದ್ಯಾಮವ್ವ ಕಾಗದ ಕಸಿದುಕೊಂಡು ಹೆಬ್ಬೆಟ್ಟು ಒತ್ತಿದಳು.

“ಹಿಡಿಯೂದಾದ್ರ ಹಿಡೀಲಿ ಬಿಡ್ರಿ ಅಣ್ಣಾರ,” ಎಂದಳು. “ತಾರೀಖ ಇದ್ದ ದಿನಾ ಬರ್ರಿ ಅಂತ ಅದರಾಗ ಬರೀರಿ.”

ಬರೆದಿದ್ದೇನೆ.

ನಿಮ್ಮವ,
ಚನ್ನವೀರಪ್ಪ ಅಸುಂಡಿ